ಕಚೇರಿಯ ಡೇಟಾಬೇಸ್ ಒಂದೇ, ಬಳಸುವವರು ಮೂರು ಊರಲ್ಲಿ

ಶಿವಮೊಗ್ಗದಲ್ಲಿ ಒಂದು ಅಡಿಕೆ ಮಂಡಿ ಇದೆ ಅಂದುಕೊಳ್ಳಿ. ಒಳಗೆ ಆರು ಸಿಸ್ಟಮ್‌ಗಳು. ರೈತರ ಖಾತೆ, ಬಂದ ಲಾಟ್‌ಗಳು, ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಬೇರೆ ಬೇರೆ ತೂಕ, ದರ, ಕೊಟ್ಟ ಮುಂಗಡ, ಎಲ್ಲವೂ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಬರೆಸಿದ ಒಂದು ಸಣ್ಣ ಪ್ರೋಗ್ರಾಂನಲ್ಲಿದೆ. ಡೇಟಾ ಫೈಲು ಒಂದು ಸಿಸ್ಟಮ್‌ನ ಶೇರ್ಡ್ ಫೋಲ್ಡರ್‌ನಲ್ಲಿ ಕೂತಿದೆ. ಉಳಿದ ಐವರು ಅದನ್ನೇ ತೆರೆದು ಕೆಲಸ ಮಾಡುತ್ತಾರೆ. ವರ್ಷಗಳಿಂದ ಹೀಗೇ ನಡೆದಿದೆ.

ಈಗ ಸಾಗರದಲ್ಲಿ ಶಾಖೆ ತೆರೆದಿದ್ದಾರೆ. ಅಲ್ಲಿ ಇಬ್ಬರು ಎಂಟ್ರಿ ಮಾಡಬೇಕು. ಮಾಲೀಕರ ಮಗಳು ಬೆಂಗಳೂರಿನಿಂದ ಲೆಕ್ಕ ನೋಡಬೇಕು. ಯಾರೋ ಬಂದು ವಿಪಿಎನ್ (ಎರಡು ಊರಿನ ನೆಟ್‌ವರ್ಕ್‌ಗಳನ್ನು ಇಂಟರ್ನೆಟ್ ಮೂಲಕ ಜೋಡಿಸುವ ಗುಪ್ತ ದಾರಿ) ಹಾಕಿಕೊಟ್ಟರು. ಸಾಗರದಿಂದ ಆ ಫೋಲ್ಡರ್ ಕಾಣಿಸಿತು. ಫೈಲ್ ತೆರೆಯಿತು. ಒಬ್ಬ ರೈತರ ಖಾತೆ ತೆರೆಯಲು ಮಾತ್ರ ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು. ಶಿವಮೊಗ್ಗದಲ್ಲಿ ಅದೇ ಖಾತೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಇಲ್ಲಿ ಎಲ್ಲರೂ ಹೇಳುವ ಮೊದಲ ಪರಿಹಾರ: "ನೆಟ್ ಸ್ಪೀಡ್ ಜಾಸ್ತಿ ಮಾಡಿಸಿ." 100 ಎಂಬಿಪಿಎಸ್ ಪ್ಲಾನ್ ಇದ್ದದ್ದು 300 ಆಗುತ್ತದೆ. ತಿಂಗಳ ಬಿಲ್ ಏರುತ್ತದೆ, ಖಾತೆ ಅಷ್ಟೇ ನಿಧಾನವಾಗಿ ತೆರೆಯುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಆ ಫೈಲನ್ನು ತೆರೆದಾಗ ಒಳಗೆ ಏನಾಗುತ್ತದೆ ಅಂತ ನೋಡಬೇಕು.

ಕೆಲಸ ಮಾಡುವವರು ಯಾರು?

ಆಕ್ಸೆಸ್ 1992ರಲ್ಲಿ ಬಂದದ್ದು. ಅದರ ಡೇಟಾಬೇಸ್ ಅಂದರೆ ಡಿಸ್ಕ್ ಮೇಲಿರುವ ಒಂದು ಫೈಲು, ಅಷ್ಟೇ. ಆ ಫೈಲ್ ಇಟ್ಟುಕೊಂಡಿರುವ ಸಿಸ್ಟಮ್‌ಗೆ ಒಳಗೇನಿದೆ ಅಂತ ಗೊತ್ತಿಲ್ಲ. ಅದರ ಪಾಲಿಗೆ ಅದೂ ಒಂದು ಫೋಟೋ ಇದ್ದಂತೆ, ಒಂದು ಪತ್ರ ಇದ್ದಂತೆ. ಹುಡುಕುವುದು, ಕೂಡುವುದು, ಜೋಡಿಸುವುದು, ಈ ಎಲ್ಲ ಕೆಲಸವನ್ನೂ ಮಾಡುವುದು ಬಳಸುವವರ ಸಿಸ್ಟಮ್‌ನಲ್ಲಿರುವ ಆಕ್ಸೆಸ್ ಎಂಜಿನ್. ಆರು ಜನ ಬಳಸಿದರೆ ಆರು ಎಂಜಿನ್‌ಗಳು ಒಂದೇ ಫೈಲಿಗೆ ಕೈ ಹಾಕುತ್ತಿರುತ್ತವೆ.

ಮಂಡಿಯ ಹಳೆಯ ಖಾತೆ ಪುಸ್ತಕವನ್ನೇ ನೆನೆಸಿಕೊಳ್ಳಿ. ಒಂದು ಬಗೆ: ಯಾರಿಗೆ ಲೆಕ್ಕ ಬೇಕೋ ಅವರು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಮ್ಮ ಮೇಜಿಗೆ ತರಿಸಿಕೊಂಡು ತಾವೇ ಹುಡುಕುತ್ತಾರೆ. ಇನ್ನೊಂದು ಬಗೆ: ಪುಸ್ತಕ ಗುಮಾಸ್ತರ ಹತ್ತಿರವೇ ಇರುತ್ತದೆ. "ಇಂಥವರ ಬಾಕಿ ಎಷ್ಟು?" ಅಂತ ಕೇಳಿದರೆ ಅವರೇ ನೋಡಿ ಒಂದು ಅಂಕಿ ಹೇಳುತ್ತಾರೆ. ಆಕ್ಸೆಸ್ ಫೈಲು ಮೊದಲನೆಯ ಬಗೆ. ಎಸ್‌ಕ್ಯೂಎಲ್ ಸರ್ವರ್, ಪೋಸ್ಟ್‌ಗ್ರೆಸ್, ಮರಿಯಾಡಿಬಿ ಅನ್ನುವ ಸರ್ವರ್ ಡೇಟಾಬೇಸ್‌ಗಳೆಲ್ಲ ಎರಡನೆಯವು.

ಆಕ್ಸೆಸ್ ಫೈಲಿನಲ್ಲಿ ಡೇಟಾ 4 ಕೆಬಿ ಗಾತ್ರದ ಪುಟಗಳಾಗಿ ಕೂತಿರುತ್ತದೆ. ಖಾತೆ ಹುಡುಕಲು ಸರಿಯಾದ ಇಂಡೆಕ್ಸ್ (ಯಾವುದು ಯಾವ ಪುಟದಲ್ಲಿದೆ ಅನ್ನುವ ಪಟ್ಟಿ) ಇದ್ದರೆ ಇಂಡೆಕ್ಸಿನ ಕೆಲವು ಪುಟಗಳು, ಆಮೇಲೆ ಬೇಕಾದ ಪುಟಗಳು ಬರುತ್ತವೆ. ಇಂಡೆಕ್ಸ್ ಇಲ್ಲದಿದ್ದರೆ ಇಡೀ ಟೇಬಲ್ಲೇ ನೆಟ್‌ವರ್ಕ್ ಮೇಲೆ ನಡೆದು ಬರುತ್ತದೆ. ಜೊತೆಗೆ, ಒಬ್ಬರು ಬರೆಯುವಾಗ ಅದೇ ಜಾಗಕ್ಕೆ ಇನ್ನೊಬ್ಬರು ಕೈ ಹಾಕದಂತೆ ಲಾಕ್ ಹಾಕುವ, ತೆಗೆಯುವ ಮಾತುಕತೆ ಬೇರೆ. ಫೈಲ್ ತೆರೆದ ಕೂಡಲೇ ಪಕ್ಕದಲ್ಲೇ ಅದೇ ಹೆಸರಿನ ಒಂದು ಪುಟ್ಟ ಲಾಕ್ ಫೈಲ್ ಹುಟ್ಟುವುದನ್ನು ನೀವು ನೋಡಿರಬಹುದು. ಯಾವ ಯಾವ ಸಿಸ್ಟಮ್ ಒಳಗಿದೆ ಅನ್ನುವುದು ಅದರಲ್ಲಿ ದಾಖಲಾಗುತ್ತದೆ. ಎಲ್ಲರೂ ಹೊರಬಂದ ಮೇಲೂ ಅದು ಉಳಿದಿದ್ದರೆ ಯಾರೋ ಒಬ್ಬರು ಸರಿಯಾಗಿ ಹೊರಬಂದಿಲ್ಲ ಅಂತ ಅರ್ಥ.

ಒಂದು ಖಾತೆ ತೆರೆಯಲು ಇಂಥ ಕೇಳು-ಹೇಳುಗಳು 2,000 ಆಗುತ್ತವೆ ಅಂತ ಇಟ್ಟುಕೊಳ್ಳಿ. ಕಚೇರಿಯೊಳಗಿನ ವೈರ್‌ನಲ್ಲಿ ಒಂದು ಸಲ ಹೋಗಿ ಬರಲು ಅರ್ಧ ಮಿಲಿಸೆಕೆಂಡ್ ಸಾಕು. ಒಟ್ಟು 1 ಸೆಕೆಂಡ್. ಸಾಗರದಿಂದ ಶಿವಮೊಗ್ಗಕ್ಕೆ ರಸ್ತೆಯಲ್ಲಿ ಎಪ್ಪತ್ತು ಕಿಲೋಮೀಟರ್ ಇರಬಹುದು. ಇಂಟರ್ನೆಟ್‌ನ ಪ್ಯಾಕೆಟ್ ಮಾತ್ರ ಬೆಂಗಳೂರಿಗೆ ಹೋಗಿ ಸುತ್ತಿಕೊಂಡು ಬರುವುದೂ ಉಂಟು. ಹೋಗಿ ಬರಲು 40 ಮಿಲಿಸೆಕೆಂಡ್ ಅಂದರೂ 2,000 ಸಲಕ್ಕೆ 80 ಸೆಕೆಂಡ್ ಆಯಿತು. ಲೈನ್ ಎಷ್ಟೇ ಅಗಲ ಇರಲಿ, ಒಂದೊಂದು ಪ್ರಶ್ನೆಯೂ ಉತ್ತರ ಬರುವ ತನಕ ಕಾಯಲೇಬೇಕು. ಸ್ಪೀಡ್ ಪ್ಲಾನ್ ಕೊಂಡರೆ ಅಗಲ ಸಿಗುತ್ತದೆ, ದೂರ ಕಡಿಮೆ ಆಗುವುದಿಲ್ಲ.

ನಿಧಾನ ಆಗುವುದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಸಾಗರದ ಎಂಜಿನ್ ಒಂದು ಪುಟ ಬರೆದು, ಇನ್ನೊಂದು ಬರೆಯುವಷ್ಟರಲ್ಲಿ ನೆಟ್ ಹೋಯಿತು ಅನ್ನಿ. ಅರ್ಧ ಬರೆದ ಸ್ಥಿತಿಯಲ್ಲಿ ಫೈಲು ಉಳಿಯುತ್ತದೆ. ಮರುದಿನ ಬೆಳಿಗ್ಗೆ ಶಿವಮೊಗ್ಗದಲ್ಲಿ ಯಾರಿಗೂ ಫೈಲ್ ತೆರೆಯುವುದಿಲ್ಲ. "ಕಾಂಪ್ಯಾಕ್ಟ್ ಅಂಡ್ ರಿಪೇರ್" ಒತ್ತಿದರೆ ಹಲವು ಸಲ ಸರಿಹೋಗುತ್ತದೆ, ಕೆಲವು ಸಲ ಕೊನೆಯ ಎಂಟ್ರಿಗಳನ್ನು ನುಂಗಿಕೊಂಡು ಸರಿಹೋಗುತ್ತದೆ. ದೂರದ ಲೈನ್ ಇರಲಿ, ಕಚೇರಿಯೊಳಗಿನ ವೈಫೈ ಮೇಲೂ ಇದೇ ಅಪಾಯ ಇದೆ. ಲ್ಯಾಪ್‌ಟಾಪ್ ಹಿಡಿದು ಗೋದಾಮಿಗೆ ನಡೆದು ಹೋಗುವಾಗ ಸಿಗ್ನಲ್ ತಪ್ಪಿದರೂ ಸಾಕು. ಫೈಲ್ ಆಧಾರದ ಡೇಟಾಬೇಸ್ ಬಳಸುವವರು ವೈರ್ ಎಳೆಸಿ ಅನ್ನುವುದು ಇದಕ್ಕೇ.

ಇನ್ನು ಕೆಲವರು ಫೈಲನ್ನು ಒನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಹಾಕಿ "ಈಗ ಕ್ಲೌಡ್‌ಗೆ ಹೋಯಿತು" ಅನ್ನುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟ ದಾರಿ. ಆ ಸೇವೆಗಳು ಪ್ರತಿಯೊಬ್ಬರ ಸಿಸ್ಟಮ್‌ನಲ್ಲೂ ಇಡೀ ಫೈಲಿನ ಒಂದೊಂದು ಪ್ರತಿ ಇಡುತ್ತವೆ. ಸಾಗರದವರು ತಮ್ಮ ಪ್ರತಿಯಲ್ಲಿ ಬರೆಯುತ್ತಾರೆ, ಶಿವಮೊಗ್ಗದವರು ತಮ್ಮ ಪ್ರತಿಯಲ್ಲಿ. ಸಂಜೆ ನೋಡಿದರೆ ಎರಡು ಫೈಲ್, ಎರಡೂ ಅರ್ಧರ್ಧ ಸತ್ಯ. ಒಬ್ಬರ ಲಾಕ್ ಇನ್ನೊಬ್ಬರಿಗೆ ಕಾಣಿಸುವುದೇ ಇಲ್ಲ.

ಆಕ್ಸೆಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಂದೇ ಕಟ್ಟಡದಲ್ಲಿ, ವೈರ್ ಮೇಲೆ, ಹತ್ತು ಹದಿನೈದು ಜನರಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಒಂದು ಕೆಲಸ ಮಾತ್ರ ಮಾಡಿರಬೇಕು. ಡೇಟಾ ಇರುವ ಫೈಲ್ ಬೇರೆ, ಫಾರ್ಮ್ ಮತ್ತು ವರದಿಗಳ ಫೈಲ್ ಬೇರೆ ಮಾಡಿ, ಎರಡನೆಯದರ ಪ್ರತಿಯನ್ನು ಪ್ರತಿಯೊಬ್ಬರ ಸಿಸ್ಟಮ್‌ಗೂ ಕೊಡಬೇಕು. ಇಷ್ಟು ಮಾಡದೆ ಎಲ್ಲರೂ ಒಂದೇ ಫೈಲ್ ತೆರೆಯುವ ಕಚೇರಿಗಳು ಈಗಲೂ ಬೇಕಾದಷ್ಟಿವೆ. ಮಿತಿಗಳೂ ನೆನಪಿರಲಿ: ಫೈಲ್ ಗಾತ್ರ 2 ಜಿಬಿ, ಒಟ್ಟಿಗೆ ಬಳಸುವವರು ಕಾಗದದ ಮೇಲೆ 255. ಆ 255 ಅನ್ನುವ ಅಂಕಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಮೊದಲ ದಾರಿ: ಪರದೆಯನ್ನು ಮಾತ್ರ ಕಳಿಸಿ

ಪ್ರೋಗ್ರಾಂ ಬದಲಿಸಲು ದುಡ್ಡಿಲ್ಲ, ಬರೆದುಕೊಟ್ಟವರು ಈಗ ಫೋನ್ ಎತ್ತುವುದಿಲ್ಲ. ಇಂಥ ಪರಿಸ್ಥಿತಿಗೆ ರಿಮೋಟ್ ಡೆಸ್ಕ್‌ಟಾಪ್ ಹೇಳಿ ಮಾಡಿಸಿದ್ದು. ಸಾಗರದವರು ಶಿವಮೊಗ್ಗದಲ್ಲಿರುವ ಒಂದು ಸಿಸ್ಟಮ್‌ನ ಪರದೆಯನ್ನು ತಮ್ಮಲ್ಲಿ ತೆರೆದುಕೊಳ್ಳುತ್ತಾರೆ. ಆಕ್ಸೆಸ್ ಓಡುವುದು ಶಿವಮೊಗ್ಗದಲ್ಲಿ, ಫೈಲ್ ಪಕ್ಕದಲ್ಲೇ. ಲೈನ್ ಮೇಲೆ ಓಡಾಡುವುದು ಪರದೆಯ ಚಿತ್ರ, ಕೀಬೋರ್ಡ್, ಮೌಸ್ ಇಷ್ಟೇ. ನೆಟ್ ಹೋದರೂ ಪ್ರೋಗ್ರಾಂ ಅಲ್ಲಿ ತೆರೆದೇ ಇರುತ್ತದೆ. ಮತ್ತೆ ಬಂದಾಗ ಬಿಟ್ಟ ಜಾಗದಿಂದಲೇ ಶುರು. ಫೈಲ್ ಕೆಡುವ ಭಯ ಇಲ್ಲ.

ತೊಡಕು ಇರುವುದು ಲೈಸೆನ್ಸ್‌ನಲ್ಲಿ. ವಿಂಡೋಸ್ ಪ್ರೊ ಇರುವ ಸಿಸ್ಟಮ್‌ಗೆ ಒಂದು ಸಲಕ್ಕೆ ಒಬ್ಬರು ಮಾತ್ರ. ದೂರದಿಂದ ಒಳಬಂದರೆ ಎದುರು ಕೂತವರ ಪರದೆ ಲಾಕ್ ಆಗುತ್ತದೆ. ಹೋಮ್ ಆವೃತ್ತಿಗೆ ಹೀಗೆ ಹೊರಗಿನಿಂದ ಬರಲಿಕ್ಕೇ ಆಗುವುದಿಲ್ಲ. ಹಲವರು ಒಂದೇ ಯಂತ್ರಕ್ಕೆ ಬರಬೇಕಾದರೆ ವಿಂಡೋಸ್ ಸರ್ವರ್ ಬೇಕು. ಮೇಲೆ ತಲೆಗೊಂದು ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಬೇಕು. ಹಾಕಿದ ಮೇಲೆ 120 ದಿನ ಲೈಸೆನ್ಸ್ ಇಲ್ಲದೆಯೂ ನಡೆಯುತ್ತದೆ. ಅದನ್ನೇ ನೆಚ್ಚಿಕೊಂಡರೆ 121ನೇ ದಿನ ಶಾಖೆಯಿಂದ ಫೋನ್ ಬರುತ್ತದೆ. ಪ್ರೊ ಆವೃತ್ತಿಯನ್ನೇ ತಿದ್ದಿ ಹಲವರನ್ನು ಬಿಡುವ ಪ್ಯಾಚ್‌ಗಳೂ ಸುಮ್ನೆ ಸಿಗುತ್ತವೆ. ಅವು ಲೈಸೆನ್ಸ್‌ಗೆ ವಿರುದ್ಧ. ಸಾಲದ್ದಕ್ಕೆ ವಿಂಡೋಸ್ ಅಪ್‌ಡೇಟ್ ಬಂದಾಗೆಲ್ಲ ಮುರಿದು ಬೀಳುತ್ತವೆ.

ಇಬ್ಬರೇ ಅಂದರೆ ನನ್ನ ಲೆಕ್ಕ ಸರಳ. ಮುಖ್ಯ ಕಚೇರಿಯಲ್ಲಿ ಎರಡು ಪುಟ್ಟ ಮಿನಿ ಪಿಸಿ ಇಡಿ, ಒಬ್ಬೊಬ್ಬರಿಗೆ ಒಂದೊಂದು. ಮಾನಿಟರ್ ಕೂಡ ಬೇಡ. ಸರ್ವರ್, ಲೈಸೆನ್ಸ್ ಅಂತ ಹೋಗುವುದಕ್ಕಿಂತ ಅಗ್ಗವಾಗಬಹುದು. ಕಿರಿಕಿರಿ ಇರುವುದು ಪ್ರಿಂಟಿಂಗ್‌ನಲ್ಲಿ. ಸಾಗರದಲ್ಲಿ ರೈತರ ಕೈಗೆ ಲೆಕ್ಕದ ಚೀಟಿ ಕೊಡಬೇಕು, ಪ್ರೋಗ್ರಾಂ ಓಡುತ್ತಿರುವುದು ಶಿವಮೊಗ್ಗದಲ್ಲಿ. ಸಾಗರದ ಪ್ರಿಂಟರನ್ನು ಆ ಕಡೆಗೆ ಕಾಣಿಸುವ ಆಯ್ಕೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಇದೆ. ಆದರೆ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದರೆ ಸರಿ ಅಳತೆಗೆ ತರುವುದಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ ಅಂತ ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಎರಡನೆಯ ದಾರಿ: ನಿಜವಾದ ಸರ್ವರ್

ಶಾಖೆಗಳು ಹೆಚ್ಚುತ್ತವೆ, ಮೊಬೈಲ್‌ನಲ್ಲೂ ನೋಡಬೇಕು ಅನ್ನುವ ಕಚೇರಿ ಡೇಟಾವನ್ನು ಸರ್ವರ್ ಡೇಟಾಬೇಸ್‌ಗೆ ಸಾಗಿಸಬೇಕು. ಇಲ್ಲಿ ಫೈಲನ್ನು ಮುಟ್ಟುವುದು ಒಂದೇ ಎಂಜಿನ್, ಅದು ಫೈಲ್ ಇರುವ ಯಂತ್ರದಲ್ಲೇ ಇರುತ್ತದೆ. ಲೈನ್ ಮೇಲೆ ಹೋಗುವುದು ಪ್ರಶ್ನೆ, ಬರುವುದು ಉತ್ತರ. ಬದಲಾವಣೆ ಮಾಡುವ ಮುಂಚೆ ಎಂಜಿನ್ ಅದನ್ನು ಒಂದು ಲಾಗ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಮತ್ತೆ ಶುರುವಾದಾಗ ಲಾಗ್ ಓದಿ, ಪೂರ್ತಿಯಾದದ್ದನ್ನು ಉಳಿಸಿ, ಅರ್ಧವಾದದ್ದನ್ನು ತೆಗೆದುಹಾಕುತ್ತದೆ. ಲಾಟ್ ಎಂಟ್ರಿ ಆಯಿತು, ರೈತರ ಖಾತೆಗೆ ಜಮಾ ಆಗಲಿಲ್ಲ ಅನ್ನುವ ಸ್ಥಿತಿ ಬರದಂತೆ ಎರಡನ್ನೂ ಒಂದೇ ಟ್ರಾನ್ಸಾಕ್ಷನ್ ಆಗಿ ಕಟ್ಟಬಹುದು: ಆದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ.

ಯಾವುದನ್ನು ಆರಿಸುವುದು? ಆಕ್ಸೆಸ್‌ನಿಂದ ಹೊರಟವರಿಗೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಹತ್ತಿರದ ಮನೆ. ಉಚಿತ. 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ ಇತ್ತು, 2025ರ ಆವೃತ್ತಿಯಲ್ಲಿ ಅದು 50 ಜಿಬಿ ಆಗಿದೆ. ಅಡಿಕೆ ಮಂಡಿಯ ಲೆಕ್ಕಕ್ಕೆ 10 ಜಿಬಿಯೇ ತುಂಬಾ ವರ್ಷ ಸಾಕು, ಫೋಟೋ ಮತ್ತು ಸ್ಕ್ಯಾನ್ ಮಾಡಿದ ಚೀಟಿಗಳನ್ನು ಡೇಟಾಬೇಸ್ ಒಳಗೇ ತುರುಕದಿದ್ದರೆ. ಪೋಸ್ಟ್‌ಗ್ರೆಸ್ ಮತ್ತು ಮರಿಯಾಡಿಬಿ ಕೂಡ ಉಚಿತ, ಅವುಗಳಿಗೆ ಇಂಥ ಲೈಸೆನ್ಸ್ ಮಿತಿಯೂ ಇಲ್ಲ, ಲಿನಕ್ಸ್ ಮೇಲೂ ಓಡುತ್ತವೆ. ನಿಮ್ಮ ಊರಲ್ಲಿ ಯಾವುದನ್ನು ರಿಪೇರಿ ಮಾಡಬಲ್ಲವರು ಇದ್ದಾರೆ ಅನ್ನುವುದೇ ಕೊನೆಗೆ ನಿರ್ಧರಿಸಬೇಕು. ಒಳಗಿನ ತಾಂತ್ರಿಕ ಮೇಲಾಟ ಆರು ಜನರ ಕಚೇರಿಗೆ ಲೆಕ್ಕಕ್ಕೆ ಬರುವುದಿಲ್ಲ.

ಹಾಕಿದ ಕೂಡಲೇ ಬೇರೆ ಸಿಸ್ಟಮ್‌ನಿಂದ ಸಂಪರ್ಕ ಸಿಗದೆ ತಲೆ ಕೆರೆದುಕೊಳ್ಳುವವರು ಬಹಳ. ಅದು ಕೆಟ್ಟಿಲ್ಲ, ಬೇಕೆಂದೇ ಬಾಗಿಲು ಹಾಕಿಕೊಂಡಿದೆ. ಎಕ್ಸ್‌ಪ್ರೆಸ್‌ನಲ್ಲಿ ನೆಟ್‌ವರ್ಕ್ ಮೇಲಿನ (ಟಿಸಿಪಿ) ಸಂಪರ್ಕವನ್ನು ಕಾನ್ಫಿಗರೇಶನ್ ಮ್ಯಾನೇಜರ್‌ಗೆ ಹೋಗಿ ನಾವೇ ಆನ್ ಮಾಡಬೇಕು. ಪೋರ್ಟ್ ಸಂಖ್ಯೆ, ಅಂದರೆ ಯಂತ್ರದೊಳಗೆ ಬರುವ ಬಾಗಿಲಿನ ನಂಬರ್, ಪ್ರತಿ ಸಲ ಬದಲಾಗದಂತೆ ಒಂದನ್ನು ಗಟ್ಟಿ ಮಾಡಬೇಕು, ವಾಡಿಕೆ 1433. ಪೋಸ್ಟ್‌ಗ್ರೆಸ್ ಕೂಡ ಶುರುವಿಗೆ ತನ್ನ ಯಂತ್ರದೊಳಗಿನ ಮಾತನ್ನು ಮಾತ್ರ ಕೇಳುತ್ತದೆ, ಅದರ ಪೋರ್ಟ್ 5432. ವಿಂಡೋಸ್ ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ಕಚೇರಿಯ ನೆಟ್‌ವರ್ಕ್‌ಗೆ ಮಾತ್ರ ತೆರೆಯಬೇಕು. ಸರ್ವರ್ ಯಂತ್ರಕ್ಕೆ ರೌಟರ್‌ನಲ್ಲಿ ಒಂದು ವಿಳಾಸವನ್ನು ಕಾಯ್ದಿರಿಸಬೇಕು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ದಿನ ಅದರ ವಿಳಾಸ ಬದಲಾಗಿ ಎಲ್ಲರಿಗೂ ಸಂಪರ್ಕ ತಪ್ಪುತ್ತದೆ.

ಇಲ್ಲಿ ಒಂದು ಹೊಂಡ ಇದೆ. ಆಕ್ಸೆಸ್‌ನ ಫಾರ್ಮ್‌ಗಳನ್ನು ಹಾಗೇ ಇಟ್ಟುಕೊಂಡು, ಅವುಗಳ ಹಿಂದಿರುವ ಡೇಟಾವನ್ನು ಮಾತ್ರ ಎಸ್‌ಕ್ಯೂಎಲ್ ಸರ್ವರ್‌ಗೆ ಸಾಗಿಸಿ ಒಡಿಬಿಸಿ ಅನ್ನುವ ಸೇತುವೆಯ ಮೂಲಕ ಜೋಡಿಸಬಹುದು. ಖರ್ಚು ಕಡಿಮೆ, ತುಂಬಾ ಜನ ಮಾಡುವುದೂ ಇದನ್ನೇ. ಆದರೆ ಹಳೆಯ ಕ್ವೆರಿಗಳಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳಲ್ಲಿ) ಆಕ್ಸೆಸ್‌ಗೆ ಮಾತ್ರ ಅರ್ಥವಾಗುವ ಫಂಕ್ಷನ್‌ಗಳಿದ್ದರೆ ಆ ಸೋಸುವ ಕೆಲಸವನ್ನು ಸರ್ವರ್ ಮಾಡಲಾರದು. ಆಗ ಆಕ್ಸೆಸ್ ಸಾಲುಗಳನ್ನೆಲ್ಲ ತರಿಸಿಕೊಂಡು ತಾನೇ ಸೋಸುತ್ತದೆ. ಸರ್ವರ್ ಹಾಕಿಯೂ ಹಳೆಯ ಕಥೆಯೇ ಆಯಿತು ಅಲ್ವಾ? ಫಾರ್ಮ್ ತೆರೆದ ಕೂಡಲೇ ಎಲ್ಲ ರೈತರ ಪಟ್ಟಿ ತುಂಬುವ ಅಭ್ಯಾಸವೂ ಹಾಗೇ. ಕಚೇರಿಯೊಳಗೆ ಗೊತ್ತಾಗುವುದಿಲ್ಲ, ಸಾಗರದಲ್ಲಿ ಗೊತ್ತಾಗುತ್ತದೆ. ಮೊದಲು ಖಾತೆ ನಂಬರ್ ಕೇಳಿ, ಆಮೇಲೆ ಆ ಒಂದು ಖಾತೆ ತರುವಂತೆ ಫಾರ್ಮ್ ತಿದ್ದಬೇಕು. ಭಾರಿ ವರದಿಗಳ ಕ್ವೆರಿಗಳನ್ನು ಸರ್ವರ್‌ನಲ್ಲೇ ಬರೆದಿಡಬೇಕು, ಇದಕ್ಕೆ ವ್ಯೂ ಅನ್ನುತ್ತಾರೆ. ಸಾಗಿಸುವ ಕೆಲಸದ ಮುಕ್ಕಾಲು ಪಾಲು ಶ್ರಮ ಇರುವುದು ಇಲ್ಲೇ. ಡೇಟಾ ಸಾಗಿಸುವುದು ಒಂದು ಸಂಜೆಯ ಕೆಲಸ.

ಸರ್ವರ್ ಬಂದರೂ ತಾನಾಗಿ ಬಗೆಹರಿಯದ ಇನ್ನೊಂದು ಸಂಗತಿ: ಇಬ್ಬರು ಒಂದೇ ಖಾತೆಗೆ ಕೈ ಹಾಕುವುದು. ಒಬ್ಬ ರೈತರ ಹೆಸರಲ್ಲಿ 50,000 ರೂಪಾಯಿ ಇದೆ. ಅವರು ಶಿವಮೊಗ್ಗದಲ್ಲಿ 20,000 ತೆಗೆದುಕೊಂಡರು, ಅದೇ ಹೊತ್ತಿಗೆ ಅವರ ಮಗ ಸಾಗರದಲ್ಲಿ 15,000 ತೆಗೆದುಕೊಂಡ. ಎರಡೂ ಕಡೆಯ ಪರದೆಯಲ್ಲಿ 50,000 ಇತ್ತು. ಶಿವಮೊಗ್ಗದವರು 30,000 ಅಂತ ಬರೆದರು. ಕ್ಷಣ ಬಿಟ್ಟು ಸಾಗರದವರು 35,000 ಅಂತ ಬರೆದರು. ಉಳಿಯಬೇಕಾದದ್ದು 15,000, ಪುಸ್ತಕದಲ್ಲಿ ಕೂತಿದ್ದು 35,000. ಡೇಟಾಬೇಸ್ ತಪ್ಪು ಮಾಡಿಲ್ಲ, ಹೇಳಿದ್ದನ್ನು ಬರೆಯಿತು. ಬಾಕಿಯನ್ನು ಒಂದು ಅಂಕಿಯಾಗಿ ಇಟ್ಟು ತಿದ್ದುವ ಪದ್ಧತಿಯೇ ಇಲ್ಲಿನ ತಪ್ಪು. ಪ್ರತಿ ಕೊಡು-ಕೊಳ್ಳುವಿಕೆಯನ್ನೂ ಒಂದೊಂದು ಹೊಸ ಸಾಲಾಗಿ ಬರೆದು, ಬಾಕಿ ಬೇಕಾದಾಗ ಕೂಡಿ ತೆಗೆದರೆ ಎರಡೂ ಎಂಟ್ರಿ ಉಳಿಯುತ್ತವೆ. ಬಾಕಿ ಸಾಲದಿದ್ದರೆ ದುಡ್ಡು ಕೊಡಬಾರದು ಅನ್ನುವ ನಿಯಮ ಇದ್ದರೆ, ನೋಡುವುದು ಮತ್ತು ಬರೆಯುವುದು ಎರಡನ್ನೂ ಲಾಕ್ ಹಾಕಿ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡಬೇಕು. ಒಂದೇ ಕೋಣೆಯಲ್ಲಿ ಕೂತಾಗ "ಇವರಿಗೆ ಈಗ ತಾನೇ ಕೊಟ್ಟೆ" ಅಂತ ಕೂಗಿ ಹೇಳುತ್ತಿದ್ದರು. ಊರು ಬೇರೆಯಾದ ಮೇಲೆ ಆ ಕೂಗು ಇಲ್ಲ.

ಕನ್ನಡದಲ್ಲಿ ಹೆಸರು ಬರೆಯುವ ಕಚೇರಿಗಳು ಸಾಗಿಸುವಾಗ ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹೆಸರಿನ ಕಾಲಂ ಅನ್ನು ವಾರ್‌ಚಾರ್ ಅಂತ ಮಾಡಿದರೆ ಸಾಮಾನ್ಯವಾಗಿ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಎಲ್ಲ ಭಾಷೆಯ ಅಕ್ಷರಗಳನ್ನೂ ಹಿಡಿಯುವ ಎನ್‌ವಾರ್‌ಚಾರ್ ಬಗೆ ಬೇಕು. ಹಾಗೆ ಹೋದ ಅಕ್ಷರ ಆಮೇಲೆ ವಾಪಸ್ ಬರುವುದಿಲ್ಲ, ಹಳೆಯ ಫೈಲಿನಿಂದ ಮತ್ತೆ ಸಾಗಿಸಬೇಕು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಡೇಟಾ ಇದ್ದರೆ ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಅದು ಫಾಂಟ್ ಹಾಕಿದಾಗ ಮಾತ್ರ ಕನ್ನಡವಾಗಿ ಕಾಣುತ್ತದೆ, ಡೇಟಾಬೇಸ್‌ನ ಕಣ್ಣಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಕಾರಾದಿ ಜೋಡಣೆಯಂತೂ ಸಾಧ್ಯವೇ ಇಲ್ಲ. ಯೂನಿಕೋಡ್‌ನಲ್ಲೂ ಒಂದು ಕಳ್ಳ ಇದ್ದಾನೆ. "ಸುರೇಶ್" ಅಂತ ಬರೆದ ಮೇಲೆ ಅಕ್ಷರಗಳು ಒಂದಕ್ಕೊಂದು ಅಂಟದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಕೊಂಡಿರಬಹುದು, ಕೆಲವು ಕೀಬೋರ್ಡ್‌ಗಳು ತಾವೇ ಸೇರಿಸುತ್ತವೆ. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಹುಡುಕಿದರೆ ಒಂದು ಸಿಗುತ್ತದೆ, ಒಂದು ಸಿಗದೇ ಹೋಗಬಹುದು. ಶಾಖೆಯಲ್ಲಿ ಬೇರೆ ಕೀಬೋರ್ಡ್ ಇದ್ದರೆ ಒಬ್ಬರೇ ರೈತರಿಗೆ ಎರಡು ಖಾತೆ ಹುಟ್ಟುವುದು ಹೀಗೆ. ಉಳಿಸುವಾಗಲೇ ಆ ಚಿಹ್ನೆಯನ್ನು ಕೊನೆಯಿಂದ ಕತ್ತರಿಸಿ, ಗುರುತಿಗೆ ಖಾತೆ ನಂಬರನ್ನೇ ನಂಬಿ.

ಹೊರಗಿನವರು ಒಳಗೆ ಬರುವ ದಾರಿ

ರಿಮೋಟ್ ಡೆಸ್ಕ್‌ಟಾಪ್ ಇರಲಿ, ಸರ್ವರ್ ಇರಲಿ, ಸಾಗರದಿಂದ ಶಿವಮೊಗ್ಗದ ಆ ಯಂತ್ರವನ್ನು ತಲುಪುವುದು ಹೇಗೆ? ಕಚೇರಿಯೊಳಗಿನ 192.168 ಅಂತ ಶುರುವಾಗುವ ವಿಳಾಸ ಒಳಗೆ ಮಾತ್ರ ನಡೆಯುವ ನಾಣ್ಯ. ಹೊರಗಿನಿಂದ ಕಾಣುವುದು ರೌಟರ್‌ನ ವಿಳಾಸ. ಹಾಗಾದರೆ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ 1433ನ್ನೋ, ರಿಮೋಟ್ ಡೆಸ್ಕ್‌ಟಾಪ್‌ನ 3389ನ್ನೋ ಇಂಟರ್ನೆಟ್‌ಗೆ ತೆರೆದುಬಿಟ್ಟರಾಯಿತು ಅಂತ ಹಲವರು ಮಾಡುತ್ತಾರೆ. ಮಾಡಬೇಡಿ.

2003ರ ಜನವರಿ 25ರಂದು ಸ್ಲ್ಯಾಮರ್ ಅನ್ನುವ ಹುಳ (ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ದುಷ್ಟ ಪ್ರೋಗ್ರಾಂ) ಎಸ್‌ಕ್ಯೂಎಲ್ ಸರ್ವರ್‌ಗಳ ಮೇಲೆ ಬಿತ್ತು. ಅದರ ಗಾತ್ರ ಬರೀ 376 ಬೈಟ್, ಈ ಪ್ಯಾರಾಕ್ಕಿಂತ ಚಿಕ್ಕದು. ಇಂಟರ್ನೆಟ್‌ಗೆ ತೆರೆದಿದ್ದ 1434ನೇ ಪೋರ್ಟ್ ಅದರ ಬಾಗಿಲು. ಸಿಕ್ಕಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಹತ್ತೇ ನಿಮಿಷದಲ್ಲಿ ಹಿಡಿಯಿತು, ಕಡಿಮೆ ಅಂದರೂ 75,000. ಅಮೆರಿಕದಲ್ಲಿ ಬ್ಯಾಂಕ್ ಎಟಿಎಂಗಳೂ ನಿಂತವು. ಅದನ್ನು ತಡೆಯುವ ಪ್ಯಾಚ್ ಆರು ತಿಂಗಳು ಮೊದಲೇ ಬಂದಿತ್ತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಇನ್ನೊಂದು ಹುಳ ಬಂದಾಗ ಅದರ ಬಾಗಿಲು ವಿಂಡೋಸ್‌ನ ಫೈಲ್ ಹಂಚುವ ಪೋರ್ಟ್ 445. ಅಂದರೆ ನಮ್ಮ ಶೇರ್ಡ್ ಫೋಲ್ಡರ್ ನಡೆಯುವುದು ಯಾವುದರ ಮೇಲೋ ಅದೇ. ಆಗಲೂ ಪ್ಯಾಚ್ ಮಾರ್ಚ್‌ನಲ್ಲೇ ಸಿಕ್ಕಿತ್ತು. ಸಣ್ಣ ಊರಿನ ಮಂಡಿಯನ್ನು ಯಾರು ಹುಡುಕಿಕೊಂಡು ಬರುತ್ತಾರೆ ಅನ್ನಬೇಡಿ. ಯಾರೂ ಹುಡುಕುವುದಿಲ್ಲ. ಯಂತ್ರಗಳು ಎಲ್ಲ ವಿಳಾಸಗಳನ್ನೂ ಸಾಲಾಗಿ ತಟ್ಟುತ್ತಾ ಹೋಗುತ್ತವೆ.

ಈಗ ಅನೇಕ ಕಡೆ ಪೋರ್ಟ್ ಫಾರ್ವರ್ಡ್ ಮಾಡಲಿಕ್ಕೇ ಆಗುವುದಿಲ್ಲ ಅನ್ನುವುದೂ ನಿಜ. ಇಂಟರ್ನೆಟ್‌ನ ಹಳೆಯ ಬಗೆಯ ವಿಳಾಸಗಳು ಮುಗಿದುಹೋಗಿ, ನಮ್ಮ ಏಷ್ಯಾ ಭಾಗದಲ್ಲಿ 2011ರಿಂದಲೇ ಹಂಚಿಕೆ ಬಿಗಿಯಾಗಿದೆ. ಹಾಗಾಗಿ ಕಂಪನಿಗಳು ಒಂದೇ ಹೊರವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ರೌಟರ್ ತೆರೆದು ಅದರ ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನೀವು ಆ ಗುಂಪಿನಲ್ಲಿದ್ದೀರಿ. ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ಹೊರವಿಳಾಸ) ಬೇಕಾದರೆ ಬೇರೆ ದುಡ್ಡು ಕಟ್ಟಬೇಕು.

ಸರಿಯಾದ ದಾರಿ ವಿಪಿಎನ್. ಕೀಲಿ ಇರುವ ಯಂತ್ರಗಳಿಗೆ ಮಾತ್ರ ತೆರೆಯುವ, ಗುಪ್ತಲಿಪಿಯಲ್ಲಿ ಮಾತಾಡುವ ಒಂದು ಸುರಂಗ. ಈಗ ನಾನು ಯಾರಿಗಾದರೂ ಹೇಳುವುದು ವೈರ್‌ಗಾರ್ಡ್. 2020ರಿಂದ ಅದು ಲಿನಕ್ಸ್ ಕರ್ನಲ್‌ನ ಭಾಗವೇ ಆಗಿದೆ. ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಅಲ್ಲೊಂದು ಬಾಗಿಲಿದೆ ಅಂತಲೇ ತಿಳಿಯುವುದಿಲ್ಲ. ಆದರೆ ಒಂದು ತುದಿಗಾದರೂ ಹೊರಗಿನಿಂದ ತಲುಪುವ ವಿಳಾಸ ಬೇಕು. ಎರಡೂ ಕಡೆ ಸಿಜಿನ್ಯಾಟ್ ಇದ್ದರೆ ಟೇಲ್‌ಸ್ಕೇಲ್ ಥರದ್ದು ಸುಲಭ. ಅದು ವೈರ್‌ಗಾರ್ಡ್ ಮೇಲೇ ಕಟ್ಟಿದ್ದು. ಎರಡು ಯಂತ್ರಗಳನ್ನು ಪರಿಚಯ ಮಾಡಿಸುವ ಕೆಲಸವನ್ನು ಅವರ ಸರ್ವರ್ ಮಾಡುತ್ತದೆ, ನೇರ ದಾರಿ ಸಿಗದಿದ್ದರೆ ತಮ್ಮ ರಿಲೇ (ನಡುವಿನ ಸರ್ವರ್) ಮೂಲಕ ಹಾಯಿಸುತ್ತದೆ. ರಿಲೇಗೆ ಬಿದ್ದರೆ ನಿಧಾನ ಆಗುತ್ತದೆ. ಅಂದಹಾಗೆ ಅದೂ ತನ್ನ ಯಂತ್ರಗಳಿಗೆ ಅದೇ 100.64ರ ಸಾಲಿನ ವಿಳಾಸ ಕೊಡುತ್ತದೆ, ಗಾಬರಿ ಬೇಡ.

ವಿಪಿಎನ್ ಹಾಕಿದ ಮೇಲೂ ಸಿಗುತ್ತಿಲ್ಲ ಅಂದರೆ ಮೊದಲು ನೋಡಬೇಕಾದದ್ದು ಎರಡೂ ಕಡೆಯ ಒಳವಿಳಾಸ. ಬಹಳಷ್ಟು ರೌಟರ್‌ಗಳು 192.168.1 ಅಂತಲೇ ಬರುತ್ತವೆ. ಸಾಗರದಲ್ಲೂ ಅದೇ, ಶಿವಮೊಗ್ಗದಲ್ಲೂ ಅದೇ. ಸಾಗರದ ಸಿಸ್ಟಮ್ 192.168.1.10ನ್ನು ಹುಡುಕಿದರೆ ತನ್ನ ಪಕ್ಕದ ಪ್ರಿಂಟರನ್ನೇ ತಟ್ಟುತ್ತದೆ. ಮುಖ್ಯ ಕಚೇರಿಯದನ್ನು 10.47.20 ಥರದ, ಯಾರೂ ಬಳಸದ ಸಾಲಿಗೆ ಬದಲಿಸಿದರೆ ಈ ತಲೆನೋವು ಹೋಗುತ್ತದೆ. ಇದನ್ನು ಶಾಖೆ ತೆರೆಯುವ ಮುಂಚೆ ಮಾಡಿದರೆ ಹತ್ತು ನಿಮಿಷ, ಆಮೇಲೆ ಮಾಡಿದರೆ ಪ್ರಿಂಟರ್, ಕ್ಯಾಮೆರಾ, ಬಯೋಮೆಟ್ರಿಕ್ ಎಲ್ಲವನ್ನೂ ತಿರುಗಿ ಹೊಂದಿಸುವ ಕೆಲಸ.

ಯಂತ್ರ ಎಲ್ಲಿರಬೇಕು?

ಕ್ಲೌಡ್‌ನಲ್ಲಿ ಇಡೋಣ ಅನ್ನುವುದು ಈಗಿನ ರೂಢಿ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂವರದ್ದೂ ಭಾರತದಲ್ಲೇ ಡೇಟಾ ಸೆಂಟರ್‌ಗಳಿವೆ, ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್ ಕಡೆ. ಕರೆಂಟ್, ಹಾರ್ಡ್‌ಡಿಸ್ಕ್ ಇವುಗಳ ಚಿಂತೆ ಇರುವುದಿಲ್ಲ. ಆದರೆ ಆಗ ಸಾಗರದವರಂತೆ ಶಿವಮೊಗ್ಗದ ಆರೂ ಜನ ದೂರದವರಾಗುತ್ತಾರೆ. ಕಚೇರಿಯ ನೆಟ್ ಹೋದರೆ ಎದುರು ಲಾರಿ ನಿಂತಿದ್ದರೂ ಲಾಟ್ ಎಂಟ್ರಿ ಇಲ್ಲ. ನನ್ನ ಮಾತು ಇಷ್ಟು: ಬಳಸುವವರಲ್ಲಿ ಜಾಸ್ತಿ ಜನ ಎಲ್ಲಿದ್ದಾರೋ, ನಿಲ್ಲಬಾರದ ಕೆಲಸ ಎಲ್ಲಿ ನಡೆಯುತ್ತದೋ ಸರ್ವರ್ ಅಲ್ಲಿರಲಿ. ಜನ ನಾಲ್ಕಾರು ಊರಿಗೆ ಸಮವಾಗಿ ಹಂಚಿಹೋಗಿದ್ದರೆ, ಬ್ರೌಸರ್‌ನಲ್ಲಿ ನಡೆಯುವ ಹೊಸ ಪ್ರೋಗ್ರಾಂ ಬರೆಸುವ ಶಕ್ತಿ ಇದ್ದರೆ, ಆಗ ಕ್ಲೌಡ್. ಹಳೆಯ ಆಕ್ಸೆಸ್ ಫಾರ್ಮ್‌ಗಳನ್ನು ಕ್ಲೌಡ್‌ನ ಡೇಟಾಬೇಸ್‌ಗೆ ನೇರವಾಗಿ ಜೋಡಿಸುವುದು ಎರಡೂ ಲೋಕದ ಕಷ್ಟಗಳನ್ನು ಒಟ್ಟಿಗೆ ಕೊಂಡಂತೆ.

ಕಚೇರಿಯಲ್ಲೇ ಇಡುವುದಾದರೆ ಸರ್ವರ್‌ಗೆ ಮಾತ್ರವಲ್ಲ, ರೌಟರ್, ಸ್ವಿಚ್, ಫೈಬರ್ ಡಬ್ಬಿಗೂ ಯುಪಿಎಸ್ ಬೇಕು. ಸರ್ವರ್ ಓಡುತ್ತಿದ್ದು ರೌಟರ್ ಆಫ್ ಆದರೆ ಸಾಗರದವರಿಗೆ ಎರಡೂ ಒಂದೇ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾಗುವುದು ಹೊಸದಲ್ಲ. ಸಿಮ್ ಹಾಕುವ ಎರಡನೇ ರೌಟರ್ ಇದ್ದರೆ ರಿಮೋಟ್ ಡೆಸ್ಕ್‌ಟಾಪ್‌ಗೆ ಸಾಕಾಗುವಷ್ಟು ನೆಟ್ ಸಿಗುತ್ತದೆ. ಸರ್ವರ್ ಯಂತ್ರದಲ್ಲಿ ಯಾರೂ ಕೂತು ಬಿಲ್ ಹಾಕಬಾರದು, ಪೆನ್‌ಡ್ರೈವ್ ಚುಚ್ಚಬಾರದು. ಎಲ್ಲರೂ ಒಂದೇ ಅಡ್ಮಿನ್ ಪಾಸ್‌ವರ್ಡ್‌ನಲ್ಲಿ ಒಳಬರುವುದನ್ನೂ ನಿಲ್ಲಿಸಿ. ಹೆಸರಿಗೊಂದು ಲಾಗಿನ್, ಬೆಂಗಳೂರಿನಿಂದ ನೋಡುವವರಿಗೆ ಓದುವ ಹಕ್ಕು ಮಾತ್ರ.

ಕೊನೆಯದು ಬ್ಯಾಕಪ್. ಆಕ್ಸೆಸ್ ಫೈಲಾದರೆ ಎಲ್ಲರೂ ಹೊರಬಂದ ಮೇಲೆ ನಕಲು ಮಾಡಿದರೆ ಆಯಿತು. ಸರ್ವರ್ ಡೇಟಾಬೇಸ್‌ನ ಫೈಲನ್ನು ಓಡುತ್ತಿರುವಾಗ ಹಾಗೆ ನಕಲು ಮಾಡುವಂತಿಲ್ಲ, ಅದರದ್ದೇ ಬ್ಯಾಕಪ್ ಆದೇಶ ಬಳಸಬೇಕು. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇಲ್ಲ. ಉಚಿತ ಅಂದದ್ದಕ್ಕೆ ಬೆಲೆ ಇದು. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ನಾವೇ ರಾತ್ರಿಗೆ ಹಾಕಿಡಬೇಕು. ಹಾಕಿಡದೆ, ಬ್ಯಾಕಪ್ ತಾನಾಗಿ ಆಗುತ್ತಿದೆ ಅಂದುಕೊಂಡಿರುವ ಕಚೇರಿಗಳಿಗೆ ಡಿಸ್ಕ್ ಸತ್ತ ದಿನ ಗೊತ್ತಾಗುತ್ತದೆ. ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ, ಒಂದು ಕಟ್ಟಡದ ಹೊರಗೆ. ಸಾಗರದ ಶಾಖೆ ಈ ಕೆಲಸಕ್ಕೆ ಒಳ್ಳೆಯ ಜಾಗ. ಒಂದು ಪ್ರತಿಯಾದರೂ ನೆಟ್‌ವರ್ಕ್‌ನಿಂದ ಬಿಚ್ಚಿಟ್ಟ ಡಿಸ್ಕ್‌ನಲ್ಲಿರಲಿ, ಯಾಕೆಂದರೆ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ದುಷ್ಟ ಪ್ರೋಗ್ರಾಂ) ಬಂದರೆ ಕೈಗೆ ಸಿಗುವ ಬ್ಯಾಕಪ್ ಫೋಲ್ಡರನ್ನೂ ಬೀಗ ಹಾಕಿ ಹೋಗುತ್ತದೆ. ಸಂಸ್ಥೆ ಕಂಪನಿಯಾಗಿ ನೋಂದಣಿ ಆಗಿದ್ದರೆ ಇದು ಬರೀ ಜಾಣತನದ ಮಾತೂ ಅಲ್ಲ. ಲೆಕ್ಕದ ಪುಸ್ತಕ ಕಂಪ್ಯೂಟರ್‌ನಲ್ಲಿದ್ದರೆ ಅದರ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ದಿನವೂ ಆಗಬೇಕು ಅಂತ 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದಿದ್ದಾರೆ. 2023ರ ಏಪ್ರಿಲ್ 1ರಿಂದ ಯಾರು ಯಾವಾಗ ಏನು ತಿದ್ದಿದರು ಅನ್ನುವ ಜಾಡನ್ನೂ ಸಾಫ್ಟ್‌ವೇರ್ ಇಟ್ಟಿರಬೇಕು, ಅದನ್ನು ಆಫ್ ಮಾಡಲು ಬರಬಾರದು. ಪಾಲುದಾರಿಕೆಯ ಮಂಡಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೂ ಮೂರು ತಿಂಗಳಿಗೊಮ್ಮೆ ಬ್ಯಾಕಪ್ ಫೈಲನ್ನು ಬೇರೊಂದು ಸಿಸ್ಟಮ್‌ನಲ್ಲಿ ತೆರೆದು, ಯಾವುದಾದರೂ ಒಂದು ಖಾತೆಯ ಬಾಕಿಯನ್ನು ನಿಜವಾದದ್ದರ ಜೊತೆ ತಾಳೆ ನೋಡಿ. ತೆರೆಯದ ಬ್ಯಾಕಪ್ ಫೈಲಿನ ಗಾತ್ರ ಎಷ್ಟೇ ಇದ್ದರೂ ಒಳಗೆ ಏನಿದೆ ಅಂತ ಹೇಳಲು ಬರುವುದಿಲ್ಲ.